ಮೊದಲ ರೇಡಿಯೋ ಕಾರು: ಬ್ಯಾಟರಿಯೋ, ನೈಟ್ರೋವೋ?

ರೇಡಿಯೋ ನಿಯಂತ್ರಿತ ಕಾರು ಕೊಳ್ಳಲು ಹೊರಟವರು ಮೊದಲು ಕೇಳುವುದು ವೇಗದ ಬಗ್ಗೆ. ಬ್ಯಾಟರಿಯಿಂದ ಓಡುವ ವಿದ್ಯುತ್ ಕಾರು ಹೆಚ್ಚು ಓಡುತ್ತದೆಯೋ, ಇಂಧನ ಸುಡುವ ಪುಟ್ಟ ಎಂಜಿನ್ನಿನ ನೈಟ್ರೋ ಕಾರೋ? ಬ್ರಷ್‌ಲೆಸ್ ಮೋಟಾರು, ಲೈಪೊ (ಲಿಥಿಯಂ ಪಾಲಿಮರ್) ಬ್ಯಾಟರಿ ಬಂದ ಮೇಲೆ ಆ ಪ್ರಶ್ನೆಗೆ ಹೆಚ್ಚು ಅರ್ಥ ಉಳಿದಿಲ್ಲ. ಎರಡರಲ್ಲಿ ಯಾವುದನ್ನು ತಂದರೂ ಹೊಸಬನ ಕೈಗೆ ನಿಲುಕುವುದಕ್ಕಿಂತ ಹೆಚ್ಚು ವೇಗ ಅದರಲ್ಲಿರುತ್ತದೆ. ನಾನು ಆರಿಸುವಾಗ ನನ್ನನ್ನೇ ಕೇಳಿಕೊಂಡದ್ದು ಬೇರೆ ಪ್ರಶ್ನೆ: ಕಾರು ಅಡ್ಡಾದಿಡ್ಡಿ ಹೋದಾಗ ತಪ್ಪು ನನ್ನ ಕೈಯದೋ, ಯಂತ್ರದ್ದೋ ಎಂದು ನನಗೆ ತಿಳಿಯುತ್ತದೆಯೇ?

ಕೊಳ್ಳುವ ಮೊದಲು ನೈಟ್ರೋ ಕಾರು ಇಟ್ಟುಕೊಂಡಿದ್ದ ಗೆಳೆಯನೊಬ್ಬನ ಪಕ್ಕದಲ್ಲಿ ಬೇಕಾದಷ್ಟು ಹೊತ್ತು ನಿಂತು ನೋಡಿದ್ದೆ. ಅವನು ಕಾರು ಓಡಿಸಿದ್ದಕ್ಕಿಂತ ಅದರ ಮುಂದೆ ಕುಕ್ಕರುಗಾಲಿನಲ್ಲಿ ಕುಳಿತಿದ್ದೇ ಹೆಚ್ಚು. ಅವನಿಗೆ ಅದರಲ್ಲಿ ಬೇಸರವಿರಲಿಲ್ಲ, ಸುಖವೇ ಇತ್ತು. ಆದರೆ ತಿರುವಿನಲ್ಲಿ ಕಾರು ಮುಗ್ಗರಿಸಿದರೆ ವೇಗ ಏರಿಸುವ ಥ್ರಾಟಲ್ ಒತ್ತಿದ್ದು ಹೆಚ್ಚಾಯಿತೋ, ಇಂಧನ ಹೆಚ್ಚಾಗಿ ಎಂಜಿನ್ ಉಸಿರು ಕಟ್ಟಿತೋ, ಕ್ಲಚ್ ತಡವಾಗಿ ಹಿಡಿಯಿತೋ ಎಂದು ಅವನೇ ಒಂದಷ್ಟು ಹೊತ್ತು ಯೋಚಿಸಬೇಕಾಗುತ್ತಿತ್ತು. ಏನೂ ಗೊತ್ತಿಲ್ಲದ ನನಗೆ ಈ ಮೂರನ್ನೂ ಬಿಡಿಸಿ ನೋಡುವ ಶಕ್ತಿ ಇರಲಿಲ್ಲ. ಹಾಗಾಗಿ ಓಡಿಸುವುದನ್ನು ಮೊದಲು ಕಲಿಯೋಣ, ಎಂಜಿನ್ನನ್ನು ಆಮೇಲೆ ನೋಡಿಕೊಳ್ಳೋಣ ಎಂದು ತೀರ್ಮಾನಿಸಿ ವಿದ್ಯುತ್ ಕಾರಿಗೇ ಕೈಹಾಕಿದೆ.

ತಂದದ್ದು 1/10 ಅಳತೆಯ, ಅಂದರೆ ನಿಜವಾದ ವಾಹನದ ಹತ್ತನೆಯ ಒಂದು ಭಾಗದಷ್ಟಿರುವ, ಮಣ್ಣಿನಲ್ಲಿ ಓಡುವ ಟ್ರಕ್. ಬ್ರಷ್ ಇರುವ ಸಾಧಾರಣ ಮೋಟಾರು, ಮೋಟಾರಿಗೆ ಹೋಗುವ ವಿದ್ಯುತ್ತನ್ನು ಹತೋಟಿಯಲ್ಲಿಡುವ, ನೀರು ತಾಗಿದರೂ ಕೆಡದ ವೇಗ ನಿಯಂತ್ರಕ. ಈ ವರ್ಗದ ಟ್ರಕ್ಕಿನ ಚಕ್ರಗಳು ದೊಡ್ಡವು, ನೆಲದಿಂದ ಎತ್ತರ ಹೆಚ್ಚು, ಮೈಸುತ್ತ ಬಂಪರ್ ಇರುತ್ತದೆ; ಕಲಿಯುವವನ ಏಟುಗಳನ್ನು ತಾಳಿಕೊಳ್ಳುತ್ತದೆ. ರಸ್ತೆಯ ಮೇಲೆ ಓಡುವ ತಗ್ಗಿನ ಕಾರು ನೋಡಲು ಚೆಂದ, ಆದರೆ ಸಣ್ಣ ಕಲ್ಲೊಂದು ಸಾಕು ಅದನ್ನು ಮಗುಚಲು.

ಮೊದಲು ಮಾಡಿದ ಕೆಲಸವೆಂದರೆ ಥ್ರಾಟಲನ್ನು ಅರ್ಧಕ್ಕೆ ಕಟ್ಟಿಹಾಕಿದ್ದು. ಅನೇಕ ವೇಗ ನಿಯಂತ್ರಕಗಳಲ್ಲಿ ಕಲಿಯುವವರಿಗೆಂದೇ ಇಂಥ ವ್ಯವಸ್ಥೆ ಇರುತ್ತದೆ. ಇಲ್ಲದಿದ್ದರೆ ಕೈಯಲ್ಲಿ ಹಿಡಿಯುವ ಟ್ರಾನ್ಸ್‌ಮಿಟರಿನಲ್ಲೇ ಥ್ರಾಟಲಿನ ಕೊನೆಯ ಮಿತಿಯನ್ನು ತಗ್ಗಿಸಬಹುದು. ಎರಡು ಹಳೆಯ ಚಪ್ಪಲಿಗಳನ್ನು ದೂರದೂರಕ್ಕೆ ಇಟ್ಟು ಅವುಗಳ ಸುತ್ತ ಎಂಟರ ಆಕಾರದಲ್ಲಿ ಓಡಿಸಿದೆ. ಕಾರು ನಮ್ಮಿಂದ ದೂರ ಹೋಗುವಾಗ ಬಲವೆಂದರೆ ಬಲ. ನಮ್ಮ ಕಡೆಗೆ ಬರುವಾಗ ಎಲ್ಲವೂ ತಿರುಗುಮುರುಗು. ಈ ಅಡಚಣೆಯನ್ನು ಯೋಚಿಸಿ ದಾಟಲು ಆಗುವುದಿಲ್ಲ, ಬೆರಳಿಗೆ ರೂಢಿಯಾಗುವವರೆಗೆ ಸುತ್ತುತ್ತಲೇ ಇರಬೇಕು. ವಿದ್ಯುತ್ ಕಾರಿನ ಉಪಕಾರ ನನಗೆ ನಿಜವಾಗಿ ತಿಳಿದದ್ದು ಇಲ್ಲೇ. ಮಗುಚಿದರೆ ಎತ್ತಿ ನಿಲ್ಲಿಸುವುದು, ಗೋಡೆಗೆ ಮುಖ ಕೊಟ್ಟರೆ ಹಿಂದಕ್ಕೆ ತೆಗೆಯುವುದು, ಮತ್ತೆ ಸುತ್ತುವುದು. ನೈಟ್ರೋ ಕಾರುಗಳಲ್ಲಿ ಬಹುಪಾಲು ಹಿಮ್ಮುಖ ಚಲನೆಯೇ ಇರುವುದಿಲ್ಲ. ಗೋಡೆಗೆ ತಾಗಿದಾಗಲೆಲ್ಲ ನಡೆದುಹೋಗಿ ತಿರುಗಿಸಿಕೊಂಡು ಬರಬೇಕು. ಮಗುಚಿಕೊಂಡ ನೈಟ್ರೋ ಕಾರು ಎಂಜಿನ್ ಆರಿಸಿಕೊಂಡಿರುವುದೂ ಉಂಟು.

ವಿದ್ಯುತ್ ಕಾರಿನಲ್ಲಿ ಎಚ್ಚರವೆಲ್ಲ ಬೇಕಾಗುವುದು ಬ್ಯಾಟರಿಯ ವಿಷಯದಲ್ಲಿ. ಪೆಟ್ಟಿಗೆಯೊಂದಿಗೆ ಬಂದದ್ದು 7.2 ವೋಲ್ಟಿನ ನಿಕಲ್ ಮೆಟಲ್ ಹೈಡ್ರೈಡ್ ಬ್ಯಾಟರಿ. ಸ್ವಲ್ಪ ಕಡೆಗಣಿಸಿದರೂ ಸಹಿಸಿಕೊಳ್ಳುವ ಜಾತಿ ಅದು. ಕೈ ಕುದುರಿದ ಮೇಲೆ ಎರಡು ಸೆಲ್ಲಿನ ಲೈಪೊ ತಂದೆ. ಹೆಸರಿಗೆ 7.4 ವೋಲ್ಟ್, ತುಂಬಿದಾಗ 8.4. ಅದರ ಜೊತೆ ಪ್ರತಿ ಸೆಲ್ಲನ್ನೂ ಬೇರೆಬೇರೆಯಾಗಿ ಅಳೆದು ಸಮಗೊಳಿಸುವ ಬ್ಯಾಲೆನ್ಸ್ ಚಾರ್ಜರನ್ನೂ ಕೊಂಡೆ. ಕಾರಿಗಿಂತ ಚಾರ್ಜರಿಗೆ ಜಿಪುಣತನ ತೋರಿಸುವವರನ್ನು ಕಂಡರೆ ನನಗೆ ಆಶ್ಚರ್ಯವಾಗುತ್ತದೆ. ಲೈಪೊಗೆ ಮಿತಿಮೀರಿ ಚಾರ್ಜ್ ಮಾಡಿದರೆ ಹೊತ್ತಿಕೊಳ್ಳುವ ಸ್ವಭಾವವಿದೆ.

ಚಾರ್ಜರಿನ ಪರದೆಯಲ್ಲಿ ಎರಡೂ ಸೆಲ್ಲಿನ ವೋಲ್ಟೇಜ್ ಅಕ್ಕಪಕ್ಕ ಕಾಣುತ್ತದೆ. 3.7ರ ಸುಮಾರಿನಲ್ಲಿ ಶುರುವಾಗಿ ಮೆಲ್ಲಗೆ ಏರುತ್ತ 4.20ಕ್ಕೆ ಬಂದು ನಿಲ್ಲಬೇಕು. ಎರಡು ಸಂಖ್ಯೆಗಳೂ ಹೆಗಲಿಗೆ ಹೆಗಲು ಕೊಟ್ಟು ಏರುತ್ತಿದ್ದರೆ ಬ್ಯಾಟರಿ ಆರೋಗ್ಯವಾಗಿದೆ ಎಂದರ್ಥ. ಒಂದು ಸದಾ ಹಿಂದುಳಿಯುತ್ತಿದ್ದರೆ ಆ ಸೆಲ್ ಸೋಲುತ್ತಿದೆ. 5000 ಮಿಲಿಆಂಪ್ ಅವರ್ ಬ್ಯಾಟರಿಗೆ ನಾನು ಕೊಡುವುದು 5 ಆಂಪಿಯರ್. ಗಂಟೆಯೊಂದರ ಆಚೀಚೆ ತುಂಬುತ್ತದೆ. ಬೆಂಕಿ ತಾಳುವ ಚೀಲದಲ್ಲಿಟ್ಟು, ಉರಿಯುವ ವಸ್ತು ಹತ್ತಿರವಿಲ್ಲದ ಕಡೆ, ನಾನು ಎದುರಿಗಿರುವಾಗಲೇ ಚಾರ್ಜ್ ಮಾಡುತ್ತೇನೆ. ಕೆಲದಿನ ಓಡಿಸುವುದಿಲ್ಲ ಎಂದಾದರೆ ಪ್ರತಿ ಸೆಲ್ಲನ್ನೂ 3.8 ವೋಲ್ಟಿಗೆ ತಂದು ಎತ್ತಿಡುತ್ತೇನೆ. ತುಂಬಿಸಿಟ್ಟರೂ, ಬರಿದು ಮಾಡಿಟ್ಟರೂ ಅದರ ಆಯುಸ್ಸು ಕುಗ್ಗುತ್ತದೆ. ಹೊಟ್ಟೆ ಉಬ್ಬಿದ ಬ್ಯಾಟರಿಯನ್ನು ಮತ್ತೆ ಬಳಸುವ ಮಾತೇ ಇಲ್ಲ.

ಹೊಸಬರ ಕಣ್ತಪ್ಪುವ ಇನ್ನೊಂದು ವಿಷಯವಿದೆ. ವೇಗ ನಿಯಂತ್ರಕದಲ್ಲಿ ಬ್ಯಾಟರಿಯ ಜಾತಿಯನ್ನು ಆರಿಸುವ ವ್ಯವಸ್ಥೆ ಇರುತ್ತದೆ. ಲೈಪೊ ಹಾಕಿದ ಮೇಲೆ ಅದನ್ನು ಲೈಪೊಗೆ ಬದಲಿಸಲೇಬೇಕು. ಆಗ ಮಾತ್ರ ಸೆಲ್ಲಿನ ವೋಲ್ಟೇಜ್ 3.2ರ ಸುಮಾರಿಗೆ ಇಳಿದಾಗ ಅದು ತಾನಾಗಿ ಶಕ್ತಿ ಕಡಿತ ಮಾಡುತ್ತದೆ. ಇಲ್ಲದಿದ್ದರೆ ಕಾರು ಕೊನೆಯ ಹನಿಯವರೆಗೆ ಹೀರಿ ಬ್ಯಾಟರಿಯನ್ನೇ ಕೊಂದುಬಿಡುತ್ತದೆ.

ಮೋಟಾರಿನ ಕಡೆ ನೋಡಬೇಕಾದದ್ದು ಅಷ್ಟೇನೂ ಇಲ್ಲ. ಮೋಟಾರಿನ ತುದಿಯ ಚಿಕ್ಕ ಪಿನಿಯನ್ ಗಿಯರಿಗೂ ಅದು ತಿರುಗಿಸುವ ದೊಡ್ಡ ಸ್ಪರ್ ಗಿಯರಿಗೂ ನಡುವೆ ಕಾಗದದ ಪಟ್ಟಿಯೊಂದನ್ನು ಸಿಕ್ಕಿಸಿ, ಎರಡನ್ನೂ ಒತ್ತಿ ಹಿಡಿದು ಮೋಟಾರಿನ ತಿರುಪು ಬಿಗಿದು, ಕಾಗದವನ್ನು ಹೊರಗೆಳೆದರೆ ಬೇಕಾದಷ್ಟೇ ಸಂದು ಉಳಿಯುತ್ತದೆ. ಬಿಗಿಯಾದರೆ ಗಿಯರ್ ಕಿರುಚುತ್ತದೆ, ಸಡಿಲವಾದರೆ ಹಲ್ಲು ಸವೆಯುತ್ತದೆ. ವೇಗದ ಆಸೆಗೆ ದೊಡ್ಡ ಪಿನಿಯನ್ ಹಾಕಿದರೆ ಮೋಟಾರು ಕಾಯುತ್ತದೆ. ಬೆರಳಿಟ್ಟು ಎರಡು ಮೂರು ಸೆಕೆಂಡು ತಡೆಯಲಾಗದಷ್ಟು ಕಾದರೆ ಚಿಕ್ಕದಕ್ಕೆ ಇಳಿಯುತ್ತೇನೆ.

ತಿರುವುಗಳಲ್ಲಿ ಕಾರು ಹೇಳಿದ ಹಾಗೆ ಕೇಳುತ್ತದೆ ಎಂಬ ಧೈರ್ಯ ಬಂದ ಮೇಲೆ ನೈಟ್ರೋ ತಂದೆ. 1/8 ಅಳತೆಯ, ಮಣ್ಣಿನಲ್ಲಿ ಓಡುವ ‘ಬಗ್ಗಿ’ ಕಾರು, .21 ಎಂಜಿನ್, ಅಂದರೆ 0.21 ಘನ ಇಂಚು, ಸುಮಾರು ಮೂರೂವರೆ ಸಿಸಿ. ಇಂಗುಪೆಟ್ಟಿಗೆಯಂಥ ಈ ಪುಟ್ಟ ಎರಡು ಸ್ಟ್ರೋಕಿನ ಎಂಜಿನ್ ನಿಮಿಷಕ್ಕೆ ಮೂವತ್ತು ಸಾವಿರ ಸುತ್ತು ದಾಟಬಲ್ಲದು. ಇಂಧನವೆಂದರೆ ಮೆಥನಾಲ್, ಅದರಲ್ಲಿ ಬೆರೆಸಿದ ಎಣ್ಣೆ, ಜೊತೆಗೆ ಸಾಮಾನ್ಯವಾಗಿ ಶೇ 20ರಿಂದ 30ರಷ್ಟು ನೈಟ್ರೋಮೀಥೇನ್. ನೈಟ್ರೋಮೀಥೇನ್ ತನ್ನೊಳಗೇ ಆಮ್ಲಜನಕ ಹೊತ್ತು ತರುವುದರಿಂದ ಅದೇ ಗಾಳಿಗೆ ಹೆಚ್ಚು ಇಂಧನ ಸುಡಬಹುದು, ಶಕ್ತಿ ಹೆಚ್ಚುವುದು ಅದರಿಂದಲೇ. ಕಿಡಿ ಹಾರಿಸುವ ಪ್ಲಗ್ ಇದರಲ್ಲಿಲ್ಲ. ಗ್ಲೋ ಪ್ಲಗ್ಗಿನ ಪ್ಲಾಟಿನಂ ಸುರುಳಿಯನ್ನು ಶುರುವಿನಲ್ಲಿ ಒಂದೂವರೆ ವೋಲ್ಟಿನಷ್ಟು ವಿದ್ಯುತ್ತಿನಿಂದ ಕೆಂಪಗೆ ಕಾಯಿಸಿದರೆ ಸಾಕು. ಎಂಜಿನ್ ಹತ್ತಿಕೊಂಡ ಮೇಲೆ ಮೆಥನಾಲ್ ಆವಿ ಪ್ಲಾಟಿನಂ ಜೊತೆ ವರ್ತಿಸುವ ಬಿಸಿ ಮತ್ತು ಒಳಗಿನ ಒತ್ತಡದಿಂದಲೇ ಅದು ಕೆಂಡವಾಗಿ ಉಳಿಯುತ್ತದೆ.

ಹೊಸ ಎಂಜಿನ್ನನ್ನು ತಂದ ಕೂಡಲೇ ಓಡಿಸುವ ಹಾಗಿಲ್ಲ. ಪಿಸ್ಟನ್ ಓಡಾಡುವ ಸಿಲಿಂಡರಿನ ಒಳಕೊಳವೆ (ಸ್ಲೀವ್) ಮೇಲ್ತುದಿಯಲ್ಲಿ ಕೂದಲೆಳೆಯಷ್ಟು ಕಿರಿದಾಗಿರುತ್ತದೆ, ತಣ್ಣಗಿರುವಾಗ ಪಿಸ್ಟನ್ ಅಲ್ಲಿ ಬಿಗಿಯಾಗಿ ಸಿಕ್ಕಿಕೊಳ್ಳುತ್ತದೆ. ಕಾದು ಹಿಗ್ಗಿದ ಮೇಲೆ ಸರಿಹೋಗುತ್ತದೆ. ಹಾಗಾಗಿ ಶುರು ಮಾಡುವ ಮೊದಲು ಎಂಜಿನ್ನಿನ ತಲೆಗೆ ಹೇರ್ ಡ್ರೈಯರ್ ಹಿಡಿದು ಬೆಚ್ಚಗೆ ಮಾಡಿಕೊಂಡೆ. ಕೈಪಿಡಿ ಹೇಳಿದಷ್ಟು ಟ್ಯಾಂಕ್ ಇಂಧನವನ್ನು ಹೆಚ್ಚು ಎಣ್ಣೆ ಸಿಗುವಂತೆ ರಿಚ್ ಆಗಿಟ್ಟು, ಅಂದರೆ ಗಾಳಿಯ ಲೆಕ್ಕಕ್ಕೆ ಇಂಧನ ಹೆಚ್ಚು ಹೋಗುವಂತೆ ಮಾಡಿ, ಮೆಲ್ಲಗೆ ಓಡಿಸಿ, ನಡುನಡುವೆ ಆರಲು ಬಿಟ್ಟು ಪಳಗಿಸಿದೆ. ತಾಳ್ಮೆಯಿಲ್ಲದವರಿಗೆ ಇದು ಶಿಕ್ಷೆ.

ಆಮೇಲೆ ಸೂಜಿಗಳ ಕೆಲಸ. ಕಾರ್ಬುರೇಟರಿನಲ್ಲಿ ಹೆಚ್ಚಿನ ವೇಗಕ್ಕೊಂದು, ಕಡಿಮೆ ವೇಗಕ್ಕೊಂದು ಸೂಜಿ ಇರುತ್ತದೆ. ಬಲಕ್ಕೆ ತಿರುಗಿಸಿದರೆ ಇಂಧನ ಕಡಿಮೆ, ಎಡಕ್ಕೆ ತಿರುಗಿಸಿದರೆ ಹೆಚ್ಚು. ಒಂದು ಸುತ್ತಿನ ಎಂಟನೆಯ ಒಂದು ಭಾಗದಷ್ಟು ತಿರುಗಿಸಿ, ಒಂದೆರಡು ಸುತ್ತು ಓಡಿಸಿ, ಕೇಳಿಸಿಕೊಳ್ಳಬೇಕು. ವೇಗ ಏರುವಾಗ ಸೈಲೆನ್ಸರಿನಿಂದ ತೆಳುವಾದ ನೀಲಿಬಿಳಿ ಹೊಗೆಯ ಗೆರೆ ಬರುತ್ತಲೇ ಇರಬೇಕು. ಹೊಗೆ ನಿಂತು ದನಿ ಚೂಪಾದರೆ ಎಂಜಿನ್ ತೀರ ಕಡಿಮೆ ಇಂಧನದಲ್ಲಿ ಓಡುತ್ತಿದೆ, ತಂಪೂ ಇಲ್ಲ, ಎಣ್ಣೆಯೂ ಇಲ್ಲ. ಆ ಗಳಿಗೆಯಲ್ಲಿ ಅದು ಎಂದೂ ಇಲ್ಲದಷ್ಟು ಚುರುಕಾಗಿ ಓಡುತ್ತದೆ ಎಂಬುದೇ ಇದರ ಮೋಸ. ಕಡಿಮೆ ವೇಗದ ಸೂಜಿಗೆ ನಾನು ಮಾಡುವ ಪರೀಕ್ಷೆ ಎಂದರೆ, ಎಂಜಿನ್ ನಿಂತಲ್ಲೇ ಗುರುಗುಡುತ್ತಿರುವಾಗ ಇಂಧನದ ಕೊಳವೆಯನ್ನು ಬೆರಳಲ್ಲಿ ಹಿಸುಕುವುದು. ಎರಡು ಮೂರು ಸೆಕೆಂಡಿನ ನಂತರ ದನಿ ಸ್ವಲ್ಪ ಏರಿ ನಿಂತುಹೋದರೆ ಸರಿಯಾಗಿದೆ. ತಕ್ಷಣ ಸತ್ತರೆ ಇಂಧನ ಸಾಲದು. ಬಹಳ ಹೊತ್ತು ಏರುತ್ತಲೇ ಹೋದರೆ ಅತಿಯಾಗಿದೆ. ಎಂಜಿನ್ನಿನ ತಲೆಯ ಬಿಸಿ 100ರಿಂದ 120 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿದ್ದರೆ ನನಗೆ ನೆಮ್ಮದಿ. ಥರ್ಮಾಮೀಟರ್ ಇಲ್ಲದಾಗ ಅದರ ಮೇಲೆ ಒಂದು ಹನಿ ನೀರು ಬಿಡುತ್ತೇನೆ: ಬಿದ್ದೊಡನೆ ಚುರ್ರೆಂದು ಹಾರಿಹೋದರೆ ಅತಿ ಬಿಸಿ, ಮೂರು ನಾಲ್ಕು ಸೆಕೆಂಡು ಕುದಿದು ಆರಿದರೆ ಪರವಾಗಿಲ್ಲ.

ಇಷ್ಟೆಲ್ಲ ಮಾಡಿಟ್ಟ ಹೊಂದಾಣಿಕೆ ನಾಳೆಗೆ ಉಳಿಯುತ್ತದೆ ಎಂಬ ಭರವಸೆಯಿಲ್ಲ. ತಣ್ಣನೆಯ ಗಾಳಿ ಸಾಂದ್ರ, ಅದರಲ್ಲಿ ಆಮ್ಲಜನಕ ಹೆಚ್ಚು. ಚಳಿಯ ಬೆಳಿಗ್ಗೆ ಸೂಜಿಯನ್ನು ಸ್ವಲ್ಪ ಎಡಕ್ಕೆ ತಿರುಗಿಸಬೇಕು, ಬಿಸಿಲೇರಿದ ಮೇಲೆ ಮತ್ತೆ ಬಲಕ್ಕೆ. ದಿನದ ಕೊನೆಗೆ ಟ್ಯಾಂಕ್ ಬರಿದು ಮಾಡಿ, ಉಳಿದ ಇಂಧನ ಸುಟ್ಟುಹೋಗುವವರೆಗೆ ಎಂಜಿನ್ ಓಡಿಸಿ, ಪ್ಲಗ್ ಬಿಚ್ಚಿ ನಾಲ್ಕು ಹನಿ ಎಣ್ಣೆ ಬಿಟ್ಟು, ಪಿಸ್ಟನ್ ಕೆಳಗೆ ಬರುವಂತೆ ಚಕ್ರ ತಿರುಗಿಸಿಡಬೇಕು. ಮೆಥನಾಲ್ ಗಾಳಿಯ ತೇವ ಹೀರಿಕೊಳ್ಳುತ್ತದೆ; ಬಿಟ್ಟರೆ ಬೇರಿಂಗ್ ತುಕ್ಕು ಹಿಡಿಯುತ್ತದೆ. ಅದು ವಿಷವೂ ಹೌದು, ಅದರ ಜ್ವಾಲೆ ಹಗಲಿನಲ್ಲಿ ಸರಿಯಾಗಿ ಕಾಣುವುದಿಲ್ಲ. ಮನೆಯೊಳಗೆ, ಮಕ್ಕಳ ಕೈಗೆಟುಕುವಲ್ಲಿ ಇಡುವ ವಸ್ತುವಲ್ಲ.

ಇಷ್ಟೆಲ್ಲ ದೂರಿದರೂ ನೈಟ್ರೋ ನನಗೆ ಇಷ್ಟ. ಅಗ್ಗವೆಂದು ಯಾರಾದರೂ ಹೇಳಿದರೆ ಮಾತ್ರ ನಂಬಬೇಡಿ. ಇಂಧನ, ಪ್ಲಗ್ಗು, ಗಾಳಿ ಶೋಧಕದ ಎಣ್ಣೆ ಎಂದು ಪ್ರತಿ ಸಲವೂ ಏನಾದರೂ ಖರ್ಚಾಗುತ್ತಲೇ ಇರುತ್ತದೆ. ವಿದ್ಯುತ್ ಕಾರಿನಲ್ಲಿ ಬ್ಯಾಟರಿ, ಚಾರ್ಜರಿಗೆ ಒಮ್ಮೆ ಕೊಟ್ಟರೆ ಬಹುಕಾಲ ಸುಮ್ಮನಿರಬಹುದು. ಟ್ಯಾಂಕ್ ತುಂಬಿಸಿದರೆ ತಕ್ಷಣ ಮತ್ತೆ ಓಡುತ್ತದೆ ಎಂಬ ಹೆಗ್ಗಳಿಕೆಯೂ ಎರಡು ಮೂರು ಬ್ಯಾಟರಿ ಇಟ್ಟುಕೊಂಡವರ ಮುಂದೆ ನಿಲ್ಲುವುದಿಲ್ಲ. ಸದ್ದನ್ನಂತೂ ಅಕ್ಕಪಕ್ಕದವರು ಸಹಿಸುವುದು ಕಷ್ಟ. ಮನೆಗಳಿಂದ ದೂರದ ಬಯಲು ಬೇಕೇ ಬೇಕು.

ಕಾರ್ಬುರೇಟರ್ ಬಿಚ್ಚಿ ಕುಳಿತರೆ ಹೊತ್ತು ಹೋದದ್ದೇ ತಿಳಿಯದವರು ನೇರವಾಗಿ ನೈಟ್ರೋಗೇ ಇಳಿಯಬಹುದು. ಅವರಿಗೆ ಓಡಿಸುವುದು ಎರಡನೆಯ ಮಾತು. ಹಾಗೆ ಹಳೆಯ ನೈಟ್ರೋ ಕೊಳ್ಳುವುದಾದರೆ ಮೊದಲು ಎಂಜಿನ್ ತಣ್ಣಗಿರುವಾಗ ಅದರ ದಂಡಕ್ಕೆ ಕೂರಿಸಿದ ಗಾಲಿಯನ್ನು (ಫ್ಲೈವೀಲ್) ಕೈಯಿಂದ ತಿರುಗಿಸಿ ನೋಡಿ. ಮೇಲ್ತುದಿಯಲ್ಲಿ ಗಟ್ಟಿಯಾಗಿ ತಡೆದು ನಿಂತರೆ ಇನ್ನೂ ಜೀವವಿದೆ. ಎಲ್ಲೂ ತಡೆಯದೆ ಸಲೀಸಾಗಿ ತಿರುಗಿದರೆ ಸ್ಲೀವ್ ಸವೆದಿದೆ, ಮಾರುವವರು ಏನೇ ಹೇಳಲಿ. ಗಾಳಿ ಶೋಧಕ ಬಿಚ್ಚಿ ಕಾರ್ಬುರೇಟರಿನ ಬಾಯಿಗೆ ಬೆರಳು ಹಾಕಿ ಸವರಿ. ಮಣ್ಣಿನ ಕಣ ಸಿಕ್ಕರೆ ಅದೇ ಮಣ್ಣು ಎಂಜಿನ್ನಿನ ಒಳಗೂ ಹೋಗಿದೆ. ಕಾರಿನೊಳಗಿನ ರಿಸೀವರಿನಲ್ಲಿ ಫೇಲ್‌ಸೇಫ್, ಅಂದರೆ ಸಂಕೇತ ತಪ್ಪಿದರೆ ಕಾರನ್ನು ತಾನಾಗಿ ನಿಲ್ಲಿಸುವ ವ್ಯವಸ್ಥೆ, ಇದೆಯೇ ಎಂಬುದನ್ನೂ ಪರೀಕ್ಷಿಸಿ: ಚಕ್ರಗಳನ್ನು ನೆಲದಿಂದ ಎತ್ತಿಟ್ಟು, ಎಂಜಿನ್ ಆರಿಸಿ, ರಿಸೀವರ್ ಚಾಲೂ ಇರುವಾಗಲೇ ಥ್ರಾಟಲ್ ಒತ್ತಿ ಹಿಡಿದು ಟ್ರಾನ್ಸ್‌ಮಿಟರ್ ಆರಿಸಿದರೆ ಥ್ರಾಟಲ್, ಬ್ರೇಕುಗಳನ್ನು ಎಳೆಯುವ ಪುಟ್ಟ ಮೋಟಾರು (ಸರ್ವೋ) ತಾನಾಗಿ ಬ್ರೇಕಿನ ಕಡೆಗೆ ಹೊರಳಬೇಕು. ಹೊರಳದಿದ್ದರೆ ಅದನ್ನು ಸರಿಪಡಿಸದೆ ಟ್ಯಾಂಕಿಗೆ ಇಂಧನ ಹಾಕಬೇಡಿ.