ಮಳೆಯ ಕಲೆಯೋ, ಕಡಲ ಕಲೆಯೋ

ಕೊಡಗಿನಲ್ಲಿ ಹಳೆಯ ಕಾಗದ ಎಂದರೆ ಕಲೆ ಬಿದ್ದ ಕಾಗದವೇ. ಮಳೆಗಾಲದಲ್ಲಿ ಉಟ್ಟ ಬಟ್ಟೆಯೇ ಒಣಗದ ಊರು ಇದು. ಹಾಗಾಗಿ ಪಾಲಿಬೆಟ್ಟದ ಕಡೆಯ ಒಂದು ತೋಟದ ಮನೆಯಲ್ಲಿ ಅಜ್ಜಿಯೊಬ್ಬರು ಟ್ರಂಕಿನಿಂದ ಕಾಗದದ ಕಟ್ಟು ತೆಗೆದು, "ಇದು ಮಳೆಗೆ ನೆಂದದ್ದು, ಸ್ಟಾಂಪೂ ಇಲ್ಲ, ಒಲೆಗೆ ಹಾಕುವುದೇ" ಎಂದು ಒಂದು ಲಕೋಟೆಯನ್ನು ಪಕ್ಕಕ್ಕೆ ಸರಿಸಿದಾಗ ಹಳೆಯ ಲಕೋಟೆ ಸಂಗ್ರಹಿಸುವ ನಾನೂ ತಲೆಯಾಡಿಸಿದ್ದೆ. ಅವರ ಮಾವ ಇಂಗ್ಲಿಷ್ ದೊರೆಯೊಬ್ಬರ ತೋಟದಲ್ಲಿ ರೈಟರ್, ಅಂದರೆ ಗುಮಾಸ್ತ, ಆಗಿದ್ದವರು. ದೊರೆ ಹೊರಟಾಗ ಬಿಟ್ಟುಹೋದ ಕಾಗದಗಳು ಅವು.

ಆಮೇಲೆ ಯಾಕೋ ಅದನ್ನು ಕಿಟಕಿಗೆ ಹಿಡಿದೆ. ಬಲ ಮೂಲೆಯಲ್ಲಿ ಅಂಚೆ ಮುದ್ರೆಯ ಅರ್ಧ ಭಾಗವಷ್ಟೇ ಇತ್ತು. ಕಮಾನಿನಂತೆ ಬಾಗಿ ಬಂದು, ಒಂದು ನೇರ ಅಂಚಿನಲ್ಲಿ ಕತ್ತರಿಸಿದಂತೆ ನಿಂತಿತ್ತು. ಉಳಿದರ್ಧ ಸ್ಟಾಂಪಿನ ಜೊತೆಗೇ ಕಳಚಿ ಹೋಗಿದೆ. ಉಳಿದುದರಲ್ಲಿ ಡಿಸೆಂಬರ್ ಎಂಬುದೂ 35 ಎಂಬುದೂ ಕಾಣುತ್ತಿದ್ದವು. 'ಮರ್ಕೆರಾ, ಕೂರ್ಗ್' (ಮಡಿಕೇರಿ, ಕೊಡಗು) ಎಂಬ ವಿಳಾಸದ ಮಸಿ ಹರಡಿ ನೀಲಿ ಮಂಜಾಗಿತ್ತು. ಆದರೆ ಅದರ ಮೇಲೆಯೇ ಒತ್ತಿದ, ಸಮುದ್ರದ ನೀರಿನಿಂದ ಹಾಳಾಗಿದೆ ಎಂಬರ್ಥದ ಇಂಗ್ಲಿಷ್ ರಬ್ಬರ್ ಮುದ್ರೆ ಒಂದಿಷ್ಟೂ ಹರಡಿರಲಿಲ್ಲ. ಟ್ರಂಕಿಗೆ ಮಳೆನೀರು ಇಳಿದಿದ್ದರೆ ಎರಡೂ ಮಸಿ ಒಟ್ಟಿಗೆ ಹರಡಬೇಕಿತ್ತು. ಕಾಗದ ನೆಂದು ಒಣಗಿದ ಮೇಲೆ ಯಾರೋ ಮುದ್ರೆ ಒತ್ತಿದ್ದಾರೆ.

1935ರ ಡಿಸೆಂಬರ್ 31ರಂದು ಬ್ರಿಟಿಷ್ ವಿಮಾನ ಕಂಪನಿ ಇಂಪೀರಿಯಲ್ ಏರ್‌ವೇಸ್‌ನ 'ಸಿಟಿ ಆಫ್ ಖಾರ್ಟೂಮ್' ಎಂಬ ಹಾರುದೋಣಿ (ನೀರಿನ ಮೇಲೆ ಇಳಿಯುವ ವಿಮಾನ) ಈಜಿಪ್ಟಿನ ಅಲೆಕ್ಸಾಂಡ್ರಿಯಾ ಬಂದರಿನ ಹೊರಗೆ ಸಮುದ್ರಕ್ಕೆ ಬಿತ್ತು. ಇಂಧನ ಸಾಲದೆ ಮೂರೂ ಎಂಜಿನ್ ನಿಂತಿದ್ದವು. ಪೈಲಟ್ ಒಬ್ಬರು ಬದುಕಿದರು, ಹನ್ನೆರಡು ಮಂದಿ ಸತ್ತರು. ಆ ನೀರಿನಿಂದ ಎತ್ತಿದ ಚೀಲದ ಕಾಗದವೊಂದು ಮಡಿಕೇರಿಗೆ ಬಂದು ಸೇರಿತ್ತು. ಅಜ್ಜಿಗೆ ಇದನ್ನು ಹೇಳಿ ದುಡ್ಡು ಕೊಡಲು ಹೋದೆ. "ಒಲೆಗೆ ಹಾಕುವ ಕಾಗದಕ್ಕೆ ದುಡ್ಡೇ?" ಎಂದು ಬೈದರು. ಮುಂದಿನ ವಾರ ನಾಲ್ಕು ಕಿತ್ತಳೆ ಸಸಿ ಒಯ್ದು ಕೊಟ್ಟೆ.

ಇಷ್ಟು ಓದಲು ಕಲಿತದ್ದು ಒಂದು ಲಕೋಟೆಯನ್ನು ಕೊಂದ ಮೇಲೆ. ನಾನು ಕೊಂಡ ಮೊದಲ ಕ್ರ್ಯಾಶ್ ಕವರ್, ಅಂದರೆ ಅಪಘಾತವಾದ ವಿಮಾನದಿಂದ ಉಳಿದುಬಂದ ಲಕೋಟೆ, 1929ರದು. ಲಂಡನ್ ಮತ್ತು ಕರಾಚಿ ನಡುವೆ ವಿಮಾನ ಅಂಚೆ ಆರಂಭವಾದ ವರ್ಷವೇ, ಅಕ್ಟೋಬರ್ 26ರಂದು, ಭಾರತದ ಅಂಚೆ ಹೊತ್ತು ಹೋಗುತ್ತಿದ್ದ 'ಸಿಟಿ ಆಫ್ ರೋಮ್' ಹಾರುದೋಣಿ ಇಟಲಿಯ ಸ್ಪೆಜಿಯಾ ಬಳಿ ಮುಳುಗಿತ್ತು. ಲಕೋಟೆಯ ಕಂದು ಕಲೆ ನೋಡಲಾಗದೆ ಒದ್ದೆ ಬ್ಲಾಟಿಂಗ್ ಪೇಪರ್ ಒತ್ತಿ ಕಲೆ ತೆಗೆದೆ, ಇಸ್ತ್ರಿಯನ್ನೂ ಆಡಿಸಿದೆ. ಬೆಂಗಳೂರಿನ ಹಿರಿಯ ಸಂಗ್ರಾಹಕರೊಬ್ಬರು ಅದನ್ನು ನೋಡಿ, "ಈಗ ಇದು ಸ್ಟಾಂಪಿಲ್ಲದ ಹಳೆಯ ಲಕೋಟೆ ಅಷ್ಟೇ ಮಾರಾಯರೇ" ಎಂದರು. ಆ ಕಲೆಯೇ ಅದರ ಸಾಕ್ಷಿಯಾಗಿತ್ತು. ಅಲ್ಲಿಂದ ಮುಂದೆ ನಾನು ಏನನ್ನೂ ಒರೆಸಿಲ್ಲ, ಮಡಿಕೆ ಬಿಡಿಸಿಲ್ಲ.

ಮೋಸವೂ ಹೋಗಿದ್ದೇನೆ. ಖಾರ್ಟೂಮ್ ಕವರ್ ಎಂದು ಒಬ್ಬ ಮಾರಾಟಗಾರ ಕೊಟ್ಟದ್ದರಲ್ಲಿ ಕಳುಹಿಸಿದ ಊರಿನ ಮುದ್ರೆ 1936ರ ಜನವರಿ ಎರಡನೆಯ ವಾರದ್ದು. ವಿಮಾನ ಬಿದ್ದ ಮೇಲೆ ಬರೆದ ಕಾಗದ ಅದರಲ್ಲಿ ಹೇಗೆ ಹೋಗುತ್ತದೆ? ಮನೆಗೆ ಬಂದ ಮೇಲೆ ಹೊಳೆಯಿತು. ಈಗ ಮೊದಲು ನೋಡುವುದು ತಾರೀಖು, ಆಮೇಲೆ ವಿಮಾನ ಯಾವ ದಿಕ್ಕಿಗೆ ಹೋಗುತ್ತಿತ್ತು ಎಂಬುದು, ಕೊನೆಗೆ ಮುದ್ರೆ. ಮುದ್ರೆ ಮಾಡಿಸುವುದು ಬಹಳ ಸುಲಭ.

ಸತ್ತವರ ಪಕ್ಕದಲ್ಲಿ ಸಿಕ್ಕಿದ್ದನ್ನು ಸಂಗ್ರಹಿಸುವುದು ಸರಿಯೇ ಎಂದು ಹೆಂಡತಿ ಕೇಳುತ್ತಾಳೆ. ನನ್ನಲ್ಲಿ ಚಂದದ ಉತ್ತರವಿಲ್ಲ. 1966ರಲ್ಲಿ ಮಾಂಟ್ ಬ್ಲಾಂಕ್‌ಗೆ ಬಡಿದ ಏರ್ ಇಂಡಿಯಾದ 'ಕಾಂಚನಜುಂಗಾ' ವಿಮಾನದ ಅಂಚೆ ಚೀಲವೊಂದು 2012ರಲ್ಲಿ ಹಿಮದಿಂದ ಹೊರಬಂತು. ಅಂಥದ್ದು ಮಾರಾಟಕ್ಕೆ ಬಂದರೆ ನಾನಂತೂ ಕೊಳ್ಳಲಾರೆ. ವಿಳಾಸದಾರರ ಕೈ ಸೇರಿದ ಕಾಗದ ಮಾತ್ರ ನನ್ನದು.

ಇಡುವುದೇ ಇಲ್ಲಿ ದೊಡ್ಡ ಕೆಲಸ. ಪಿವಿಸಿ ಹಾಳೆ ಬೇಡ, ಅದು ವರ್ಷ ಕಳೆದಂತೆ ಮಸಿಯನ್ನು ಹೀರುತ್ತದೆ. ಪಾಲಿಯೆಸ್ಟರ್ ಹೊದಿಕೆಯಲ್ಲಿಟ್ಟು, ಬೀರುವಿನ ಕೆಳಗೆ ಸಣ್ಣ ಬಲ್ಬ್ ಉರಿಸಿ, ಡಬ್ಬಿಗೆ ಸಿಲಿಕಾ ಜೆಲ್ ಹಾಕುತ್ತೇನೆ. ಜಡಿಮಳೆಯ ಕಕ್ಕಡ ತಿಂಗಳಲ್ಲಿ ಬೀರು ತೆರೆಯುವುದಿಲ್ಲ, ಯಾರು ಬಂದು ಕೇಳಿದರೂ ಸರಿ. ಸಿದ್ದಾಪುರದ ಕಡೆ ಇನ್ನೊಂದು ಟ್ರಂಕ್ ಇದೆಯಂತೆ. ಕಾಫಿ ಕೊಯ್ಲು ಮುಗಿಯಲಿ, ಬನ್ನಿ ಎಂದಿದ್ದಾರೆ.