ಡಿಜೆ ಟ್ರ್ಯಾಕ್‌ನಿಂದ ಹಾಡಿಗೆ: ಬೀಟ್ ತೆಗೆದ ಮೇಲೆ ಏನು ಉಳಿಯಬೇಕು

90ರ ದಶಕದಲ್ಲಿ ಇಂಗ್ಲಿಷ್‌ನಲ್ಲಿ ಯುರೋಡಾನ್ಸ್ (ಯುರೋಪಿನ ಕ್ಲಬ್ ಕುಣಿತದ ಪಾಪ್) ಹಾಡುತ್ತಿದ್ದ ಇಟಲಿಯ ಅಲೆಕ್ಸಿಯಾ ಆಮೇಲೆ ತಮ್ಮ ಭಾಷೆಗೇ ಹೊರಳಿದರು. ಇಟಲಿಯ ಹೆಸರಾಂತ ಹಾಡಿನ ಸ್ಪರ್ಧೆ ಸಾನ್‌ರೆಮೊದಲ್ಲಿ 2002ಕ್ಕೆ ಎರಡನೆಯ ಸ್ಥಾನ, 2003ಕ್ಕೆ ಗೆಲುವು. ಅಲ್ಲಿ ಹಿಂದೆ ಇರುವುದು ಆರ್ಕೆಸ್ಟ್ರಾ, ಧಬಧಬ ಬಡಿಯುವ ಕಿಕ್ ಡ್ರಮ್ಮಿನ ಮರೆಯಲ್ಲ. ಶಿವಮೊಗ್ಗದ ಗಣಪತಿ ಮೆರವಣಿಗೆಗೆಂದು ಮಾಡಿದ ಟ್ರ್ಯಾಕನ್ನು ಹಾಡಾಗಿಸುವವರಿಗೂ ಇದೇ ಪರೀಕ್ಷೆ.

ಮೊದಲು ದನಿಯೊಂದನ್ನು ಬಿಟ್ಟು ಎಲ್ಲವನ್ನೂ ಮ್ಯೂಟ್ ಮಾಡಿ, ತಂಬೂರಿ ಆ್ಯಪ್ ಹಾಕಿಕೊಂಡು ಹಾಡಿ. ಎಲ್ಲಿ ಬೇಸರವಾಗುತ್ತದೋ ಅಲ್ಲಿ ಮಾತಿಲ್ಲ, ಬರೀ ಬೀಟ್ ಇತ್ತು ಎಂದರ್ಥ.

ಆಮೇಲೆ ವೇಗ. 128 ಬಿಪಿಎಂನಲ್ಲಿ, ಅಂದರೆ ನಿಮಿಷಕ್ಕೆ 128 ಬೀಟಿನಲ್ಲಿ, ನಾಲ್ಕು ಬೀಟಿನ ಎಂಟು ಬಾರ್ (ಆವರ್ತ) 15 ಸೆಕೆಂಡ್. 80ಕ್ಕೆ ಇಳಿಸಿದರೆ 24. ಹೆಚ್ಚುವ 9 ಸೆಕೆಂಡನ್ನು ಸ್ವರ ಎಳೆದು ತುಂಬಿಸುವುದೇ ಎಲ್ಲರೂ ಮಾಡುವ ತಪ್ಪು. ಕನ್ನಡದಲ್ಲಿ ಹ್ರಸ್ವ ಎಳೆದರೆ ಅರ್ಥವೇ ಜಾರುತ್ತದೆ: ‘ಬಳೆ’ ಹೋಗಿ ‘ಬಾಳೆ’ ಆಗುತ್ತದೆ. ಒತ್ತಕ್ಷರ ಸಡಿಲಿಸಿದರೆ ‘ಹಳ್ಳಿ’ ಹೋಗಿ ‘ಹಳಿ’. ಎಳೆಯಲೇಬೇಕಿದ್ದರೆ ದೀರ್ಘಾಕ್ಷರವನ್ನೋ ಸಾಲಿನ ಕೊನೆಯ ಸ್ವರವನ್ನೋ ಎಳೆಯಿರಿ. ಉಳಿದ ಜಾಗಕ್ಕೆ ಹೊಸ ಪದ ಬರೆಯಿರಿ. ಇಟಾಲಿಯನ್‌ನಂತೆ ನಮ್ಮ ಪದಗಳೂ ಹೆಚ್ಚಾಗಿ ಸ್ವರದಲ್ಲೇ ಮುಗಿಯುತ್ತವೆ, ಅದೊಂದು ಅನುಕೂಲ.

ನಡೆಯನ್ನೂ ಬದಲಿಸಿ ನೋಡಿ. ‘ಬಾ ಬಾ ಕುಣಿಯೋ’ ನಾಲ್ಕು ಮಾತ್ರೆಯ ಎರಡು ಗಣ, ಕುಣಿತಕ್ಕೆ ಹೇಳಿಮಾಡಿಸಿದ್ದು. ‘ಇರುಳ ಮಳೆಯು ಹೆಂಚ ಮೇಲೆ’ ಮೂರು ಮಾತ್ರೆಯ ನಾಲ್ಕು ಗಣ. ಬೀಟಿಗೊಂದು ಗಣವಿಟ್ಟರೆ 80ರಲ್ಲಿ ಈ ಸಾಲು ಸರಿಯಾಗಿ 3 ಸೆಕೆಂಡ್. ಸಾಫ್ಟ್‌ವೇರಿನಲ್ಲಿ ಟ್ರಿಪ್ಲೆಟ್ ಗ್ರಿಡ್ (ಬೀಟನ್ನು ಮೂರಾಗಿ ಸೀಳುವ ಗೆರೆಗಳು) ಹಾಕಿಕೊಳ್ಳಿ. ಇಲ್ಲದಿದ್ದರೆ ಮೂರರ ನಡೆ ನಾಲ್ಕರ ಗೆರೆಗೆ ಅಂಟಿಕೊಂಡು ಕುಂಟುತ್ತದೆ.

ಶ್ರುತಿಯನ್ನು ಎರಡು-ಮೂರು ಅರೆಸ್ವರ ಇಳಿಸಿ. ಗದ್ದಲ ಸೀಳಲೆಂದು ಏರಿಸಿದ ದನಿ ಮೆಲ್ಲನೆಯ ಹಾಡಿನಲ್ಲಿ ಕಿರುಚಿದಂತಿರುತ್ತದೆ.

ರೆಕಾರ್ಡಿಂಗ್‌ಗೆ ಮೈಕಿನಿಂದ ಒಂದು ಗೇಣು ದೂರ, ಕೊಂಚ ಓರೆಯಾಗಿ ನಿಲ್ಲಿ. ‘ಪ’, ‘ಭ’ ಸಿಡಿಯುವುದಿಲ್ಲ. ಕರೆಂಟ್ ಹೋದರೆ ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತು ಬ್ಯಾಟರಿಯಲ್ಲೇ ನಡೆಸಿ, ಇನ್ವರ್ಟರಿನ ಗುಂಯ್‌ಗುಡುವಿಕೆ ಒಳಬರಬಹುದು. ಆಷಾಢದಲ್ಲಿ ತಗಡಿನ ಮಾಡಿನ ಕೆಳಗೆ ರೆಕಾರ್ಡಿಂಗ್ ಬೇಡವೇ ಬೇಡ. ಜೀರುಂಡೆ ಕೂಗುವ ಹೊತ್ತೂ ಬೇಡ: ಆ ಸದ್ದು ‘ಸ’, ‘ಶ’ ಇರುವ ಎತ್ತರದಲ್ಲೇ ಇರುವುದರಿಂದ ಫಿಲ್ಟರ್ ಹಾಕಿ ತೆಗೆದರೆ ಅಕ್ಷರಗಳೂ ಜೊತೆಗೆ ಸವೆಯುತ್ತವೆ.