ವಾದಕ್ಕೆ ಬಲ ಕೊಡುವ ಸಣ್ಣ ಪದಗಳು: ನನ್ನ ಅನುಭವ

ಕೆಎಎಸ್ ಮುಖ್ಯ ಪರೀಕ್ಷೆಯಲ್ಲಿ ಪ್ರಬಂಧಕ್ಕೇ 250 ಅಂಕ. ಚಿತ್ರದುರ್ಗದಲ್ಲಿ ನನ್ನ ಜೊತೆ ಓದುತ್ತಿದ್ದವರು ಅದಕ್ಕಾಗಿ ವಚನ, ಗಾದೆ, ದೊಡ್ಡವರ ಮಾತುಗಳನ್ನು ಉರು ಹೊಡೆಯುತ್ತಿದ್ದರು. ನಾನು ಒಂದು ನೋಟ್‌ಬುಕ್ ಇಟ್ಟುಕೊಂಡೆ. ಲೈಬ್ರರಿಯಲ್ಲಿ ಪತ್ರಿಕೆಗಳ ಸಂಪಾದಕೀಯ ಓದುವಾಗ ವಾದವನ್ನು ತಿರುಗಿಸುವ, ಬಿಗಿ ಮಾಡುವ, ಸಡಿಲ ಬಿಡುವ ಪದಗಳನ್ನಷ್ಟೇ ಅದರಲ್ಲಿ ಬರೆದುಕೊಳ್ಳುತ್ತಿದ್ದೆ. ಯಾವ ಪದ ಯಾವ ಕೆಲಸ ಮಾಡುತ್ತದೋ ಆ ಕೆಲಸದ ಪುಟಕ್ಕೆ ಅದು ಹೋಗುತ್ತಿತ್ತು.

ಕಾರಣ ಹೇಳುವ 'ಏಕೆಂದರೆ', 'ಹೀಗಾಗಿ', 'ಇದರಿಂದ' ಎಲ್ಲರಿಗೂ ಗೊತ್ತು, ಬಿಡಿ. ನನಗೆ ಹೆಚ್ಚು ಉಪಯೋಗಕ್ಕೆ ಬಂದದ್ದು ಎದುರಿನವರ ಮಾತನ್ನು ಒಪ್ಪಿಕೊಂಡೇ ಮುಂದೆ ಹೋಗುವ ಪದಗಳು. 'ನಿಜ', 'ಹಾಗಂತ', 'ಅಷ್ಟರ ಮಟ್ಟಿಗೆ', 'ಹಾಗಿದ್ದರೂ', 'ಒಂದು ವೇಳೆ ಹಾಗೇ ಎಂದುಕೊಂಡರೂ'.

ಅಭ್ಯಾಸಕ್ಕೆ ನಾನು ಹಿಡಿದ ವಿಷಯ ಭದ್ರಾ ಮೇಲ್ದಂಡೆ ಯೋಜನೆ, ಅಂದರೆ ಭದ್ರಾ ಜಲಾಶಯದಿಂದ ನೀರೆತ್ತಿ ಚಿತ್ರದುರ್ಗದಂಥ ಬರದ ಜಿಲ್ಲೆಗಳಿಗೆ ಹರಿಸುವ ಯೋಜನೆ. ದುರ್ಗದವರಿಗೆ ಅದು ಬೇಕೇ ಬೇಕು. ಆದರೆ ನಮ್ಮ ಸೋದರಮಾವನ ಗದ್ದೆ ಇರುವುದು ಮಲೇಬೆನ್ನೂರಿನ ಕಡೆ, ಭದ್ರಾ ನಾಲೆಯ ಕೊನೆ ಭಾಗದಲ್ಲಿ. ನೀರು ಮೇಲೆಯೇ ಖಾಲಿಯಾದೀತು ಅನ್ನುವುದು ಅವರ ಚಿಂತೆ. ಅವರಿಗೆ ಓದಿ ತೋರಿಸಲೆಂದೇ ಬರೆದೆ: 'ಕೊನೆ ಭಾಗದ ರೈತರ ಆತಂಕ ನಿಜ. ಹಾಗಂತ ಯೋಜನೆಯ ನೀರೆಲ್ಲ ಭದ್ರೆಯದೇ ಅಲ್ಲ. 29.9 ಟಿಎಂಸಿ ಅಡಿಯಲ್ಲಿ 17.4 ಟಿಎಂಸಿ ಅಡಿ ತುಂಗೆಯಿಂದ ಬರಬೇಕಾದದ್ದು.'

ಮಾವ ಕೇಳಿ, "ಲೆಕ್ಕ ಪೇಪರ್‌ನಾಗೈತಲ್ಲಪ್ಪ, ನಾಲೇನಾಗೈತೇನು?" ಅಂದರು.

ಒಳ್ಳೆ ಪ್ರಶ್ನೆ ಅಲ್ವಾ? ವಾದವನ್ನು ಕೈಬಿಡಲಿಲ್ಲ, ಅದರ ಸುತ್ತ ಬೇಲಿ ಹಾಕಿದೆ. 'ತುಂಗೆಯಿಂದ ನೀರೆತ್ತುವ ಕೆಲಸವೂ ಜೊತೆಗೇ ಮುಗಿದರೆ ಮಾತ್ರ' ಅಂತ ಮೊದಲಿಗೆ ಸೇರಿಸಿದೆ. 'ಮುಗಿದರೆ ಮಾತ್ರ', 'ಇರುವಷ್ಟು ಕಾಲ', 'ಬಹುಮಟ್ಟಿಗೆ' ಇವೆಲ್ಲ ಒಂದೇ ಪುಟದಲ್ಲಿವೆ. ಮಾವ ಪೂರ್ತಿ ಒಪ್ಪಲಿಲ್ಲ. ಆದರೆ ಜಗಳ ಯೋಜನೆ ಬೇಕೋ ಬೇಡವೋ ಎಂಬುದರಿಂದ ಯಾವ ಕೆಲಸ ಮೊದಲು ಎಂಬುದಕ್ಕೆ ಬಂತು. ನನಗೆ ಅಷ್ಟು ಸಾಕಿತ್ತು.

ಕ್ರಿಯಾಪದಗಳಿಗೂ ಒಂದು ಪುಟ. ಕೇಂದ್ರ ಸರ್ಕಾರ 2023ರ ಬಜೆಟ್‌ನಲ್ಲಿ ಈ ಯೋಜನೆಗೆ 5,300 ಕೋಟಿ ರೂಪಾಯಿ ನೆರವು ಘೋಷಿಸಿತು. 'ಘೋಷಿಸಿತು' ಎಂದರೆ ಯಾರೂ ಅಲ್ಲಗಳೆಯಲಾರರು. 'ಕೊಟ್ಟಿತು' ಎಂದರೆ ಎಷ್ಟು, ಯಾವಾಗ ಎಂದು ತೋರಿಸಬೇಕು. ಹಾಗೇ 'ಹೇಳಿದರು', 'ವಾದಿಸಿದರು', 'ಒಪ್ಪಿಕೊಂಡರು', 'ತಳ್ಳಿಹಾಕಿದರು' ಇವುಗಳನ್ನು ಸುಮ್ನೆ ಅದಲು ಬದಲು ಮಾಡಬಾರದು. 'ಒಪ್ಪಿಕೊಂಡರು' ಎಂದ ಕೂಡಲೇ ಅವರು ಮೊದಲು ಏನೋ ಮುಚ್ಚಿಟ್ಟಿದ್ದರು ಅನ್ನಿಸುತ್ತದೆ.

ಇನ್ನು ಕನ್ನಡಕ್ಕೆ ತನ್ನದೇ ಆದ ಅನುಕೂಲ ಇದೆ. ಒಂದು ದೀರ್ಘದಲ್ಲಿ ವಾದ ಬದಲಾಗುತ್ತದೆ. 'ಕುಡಿಯಲು ನೀರಿಲ್ಲ' ಬರೀ ಸುದ್ದಿ. 'ಕುಡಿಯಲೂ ನೀರಿಲ್ಲ' ಎಂದರೆ ಹೊಲದ ಕಥೆ ಹೇಳದೆಯೇ ತಿಳಿಯುತ್ತದೆ. 'ಕುಡಿಯಲು ನೀರೇ ಇಲ್ಲ' ಎಂದರೆ ಒಂದು ಹನಿಯೂ ಇಲ್ಲವೇ ಎಂದು ಯಾರಾದರೂ ಕೇಳಬಹುದು. ನಾನು ಎರಡನೆಯದನ್ನೇ ಆರಿಸುತ್ತೇನೆ.

'ಏರುತ್ತದೆ', 'ಏರಬಹುದು', 'ಏರೀತು' ಇವುಗಳಲ್ಲೂ ಅಷ್ಟೆ. ಕೆರೆ ತುಂಬಿದರೆ ಅಂತರ್ಜಲ 'ಏರೀತು' ಎಂಬ ರೂಪ ಹೊಸಬರ ಬರಹದಲ್ಲಿ ಕಾಣುವುದೇ ಅಪರೂಪ. ಅದರಲ್ಲಿ ನಿರೀಕ್ಷೆಯೂ ಇದೆ, ಅನುಮಾನವೂ ಇದೆ. 'ಏರುವ ಸಾಧ್ಯತೆ ಇದೆ ಎನ್ನಬಹುದಾಗಿದೆ' ಎಂದು ಎಳೆಯುವ ಬದಲು ಇದೊಂದು ಸಾಕು.

ಬೇಡದ ಪದಗಳ ಪುಟವೂ ಇದೆ. 'ಎಲ್ಲರಿಗೂ ತಿಳಿದಿರುವಂತೆ', 'ನಿಸ್ಸಂದೇಹವಾಗಿ', 'ಭೀಕರ', 'ಅತ್ಯಂತ'. ಮಳೆಯನ್ನೇ ನಂಬಿ ಕೂರಲಾಗದು ಎಂದು ವಾದಿಸುವಾಗ ನಾನು 'ಭೀಕರ ಬರ' ಎಂದು ಬರೆಯಲಿಲ್ಲ. 1933ರಲ್ಲಿ ಕೋಡಿ ಬಿದ್ದಿದ್ದ ಚಿತ್ರದುರ್ಗ ಜಿಲ್ಲೆಯ ವಾಣಿವಿಲಾಸ ಸಾಗರ ಜಲಾಶಯ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ ಎಂದು ಬರೆದು, ಮುಂದಿನ ಪ್ಯಾರಾಕ್ಕೆ ಹೋದೆ.